ಕುದುರೆ ವೈದ್ಯೆಯ ಅಧ್ಯಕ್ಷಗಿರಿ

ಹುಬ್ಬಳ್ಳಿಯಲ್ಲಿ ಕುದುರೆಗಳು ಎಲ್ಲಿವೆ ಎಂದು ನನ್ನನ್ನು ಕೇಳದವರು ಕಡಿಮೆ. ಹದಿನೈದು ವರ್ಷಗಳ ಹಿಂದೆ ಎಕ್ಸ್-ರೇ ಯಂತ್ರಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕಿನ ಅಧಿಕಾರಿಯೊಬ್ಬರು ನನ್ನ ಅರ್ಜಿಯನ್ನು ಎರಡು ಸಲ ತಿರುವಿ ನೋಡಿ, 'ಮೇಡಂ, ಆಕಳು ಎಮ್ಮಿ ಅಂತ ಬರೀರಿ, ಲಗೂನ ಮಂಜೂರ ಆಗ್ತೈತಿ' ಎಂದು ಉಪಕಾರದ ದನಿಯಲ್ಲಿ ಸಲಹೆ ಕೊಟ್ಟಿದ್ದರು. ಕುದುರೆಗಳು ಇವೆ, ಹುಡುಕಿಕೊಂಡು ಹೋಗುವವರ ಕಣ್ಣಿಗೆ ಮಾತ್ರ ಬೀಳುತ್ತವೆ. ಹಳೆಯ ಟಾಂಗಾಗಳಲ್ಲಿ ಉಳಿದ ಕೆಲವು, ಮದುವೆ ಮೆರವಣಿಗೆಯ ಬಿಳಿ ಕುದುರೆಗಳು, ಧಾರವಾಡದ ಹೊರವಲಯದ ತೋಟಗಳಲ್ಲಿ ಹವ್ಯಾಸಕ್ಕೆ ಸಾಕಿದ ನಾಲ್ಕಾರು, ಇಟ್ಟಿಗೆ ಭಟ್ಟಿಗಳ ಕತ್ತೆಗಳು, ಇವೆಲ್ಲಕ್ಕಿಂತ ಹೆಚ್ಚಾಗಿ ಗದಗ ಮತ್ತು ಹಾವೇರಿ ಜಿಲ್ಲೆಗಳ ಹೊಲಗಳಲ್ಲಿ ಕುರಿ ಕೂಡಿಸುತ್ತ ಊರಿಂದೂರಿಗೆ ಸಾಗುವ ಕುರಿಗಾರರ ತಟ್ಟುಗಳು. ಡೇರೆ, ಪಾತ್ರೆ, ಕೋಳಿಬುಟ್ಟಿ, ದಾರಿಯಲ್ಲಿ ಹುಟ್ಟಿದ ಮರಿಗಳು ಎಲ್ಲವನ್ನೂ ಬೆನ್ನಿನ ಮೇಲೆ ಹೊತ್ತು ನಡೆಯುವ ಆ ಗಿಡ್ಡ ಕುದುರೆಗಳೇ ನನ್ನ ಕಸುಬಿನ ಅರ್ಧ ಭಾಗ.

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಏಳು ವರ್ಷಗಳಲ್ಲಿ ಶೇ. 45ಕ್ಕೂ ಹೆಚ್ಚು ಕುಸಿದು ಸುಮಾರು 3.4 ಲಕ್ಷಕ್ಕೆ ಇಳಿದಿತ್ತು. ಕತ್ತೆಗಳ ಸಂಖ್ಯೆ ಶೇ. 61ರಷ್ಟು ಕುಸಿದು ಸುಮಾರು 1.2 ಲಕ್ಷಕ್ಕೆ ಬಂದಿತ್ತು. ಪ್ರಾಣಿ ಕಡಿಮೆಯಾದಂತೆ ಅದರ ಮೈಯನ್ನು ಬಲ್ಲ ವೈದ್ಯರೂ ಕಡಿಮೆಯಾಗುತ್ತಾರೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿ, ಆರು ವರ್ಷ ಬೆಂಗಳೂರಿನಲ್ಲಿ ಪಂದ್ಯದ ಕುದುರೆಗಳ ನಡುವೆ ಕೆಲಸ ಮಾಡಿ, ಮದುವೆಯ ನಂತರ ಇತ್ತ ಬಂದ ನನ್ನನ್ನು ಮೂರು ಜಿಲ್ಲೆಗಳ ಟಾಂಗಾದವರು, ಕುರಿಗಾರರು ಕ್ರಮೇಣ 'ಕುದರಿ ಡಾಕ್ಟರ್ ಅಕ್ಕಾರು' ಎಂದು ಕರೆಯತೊಡಗಿದರು. ನನ್ನ ತಿರುಗಾಟದ ಸೀಮೆಯಲ್ಲಿ ಕುದುರೆಗೆಂದೇ ಇರುವ ವೈದ್ಯೆ ನಾನೊಬ್ಬಳೇ ಎಂಬುದು ನನಗೆ ಹೊರೆಯಾಗಿತ್ತೆಂದು ಬಹಳ ದಿನ ಹೇಳಿಕೊಂಡಿದ್ದೇನೆ. ಅದು ಒಳಗೊಳಗೇ ಹೆಮ್ಮೆಯ ವಿಷಯವೂ ಆಗಿತ್ತು ಎಂಬುದನ್ನು ಒಪ್ಪಿಕೊಳ್ಳದೆ ಮುಂದಿನ ಕಥೆಯನ್ನು ಹೇಳಲು ಬರುವುದಿಲ್ಲ.

2022ರ ಜೂನ್‌ನಲ್ಲಿ ನಮ್ಮ ಭಾಗದ ಪಶುವೈದ್ಯರ ಸಂಘಕ್ಕೆ ನಾನು ಎರಡು ವರ್ಷದ ಅವಧಿಗೆ ಅಧ್ಯಕ್ಷೆಯಾದೆ. ಸರ್ಕಾರಿ ಸೇವೆಯಲ್ಲಿರುವವರು ಒಂದು ಬದಿ, ಖಾಸಗಿ ಕ್ಲಿನಿಕ್ಕಿನವರು ಒಂದು ಬದಿ ಎಳೆದಾಡುತ್ತಿದ್ದ ವರ್ಷವದು. ಎರಡೂ ಬದಿಗೆ ಸೇರದ, ನಾಯಿ-ಬೆಕ್ಕಿನ ವ್ಯಾಪಾರಕ್ಕೂ ಡೈರಿಯ ವ್ಯಾಪಾರಕ್ಕೂ ಅಡ್ಡ ಬಾರದ ಒಬ್ಬರು ಬೇಕಾಗಿತ್ತು. ಕೆಲಸ ಏನೆಂದು ನನಗೆ ತಿಳಿದಿರಲಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಮಹಾಸಭೆ ನಡೆಸಿ ಲೆಕ್ಕಪತ್ರವನ್ನೂ ಪದಾಧಿಕಾರಿಗಳ ಪಟ್ಟಿಯನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸುವುದು, ಐದು ವರ್ಷಕ್ಕೊಮ್ಮೆ ಮಾಡಿಸಬೇಕಾದ ಪಶುವೈದ್ಯ ಪರಿಷತ್ತಿನ ನೋಂದಣಿ ನವೀಕರಣವನ್ನು ಸದಸ್ಯರಿಗೆ ನೆನಪಿಸುವುದು, ನೋಂದಣಿಯಿಲ್ಲದೆ ಸೂಜಿ ಹಿಡಿದು ತಿರುಗುವವರ ಬಗ್ಗೆ ಬಂದ ದೂರುಗಳನ್ನು 1984ರ ಭಾರತೀಯ ಪಶುವೈದ್ಯ ಪರಿಷತ್ತು ಕಾಯ್ದೆಯ ಕಲಮು ನೋಡಿ ಬರೆದು ಕಳಿಸುವುದು, ಏಪ್ರಿಲ್ ತಿಂಗಳ ಕೊನೆಯ ಶನಿವಾರ ವಿಶ್ವ ಪಶುವೈದ್ಯ ದಿನ ಆಚರಿಸುವುದು, ಇವೆಲ್ಲ ಕಾಗದದ ಮೇಲಿನ ಕೆಲಸಗಳು. ಕಾಗದಕ್ಕೆ ಬಾರದ ಕೆಲಸವೆಂದರೆ ಆಮಂತ್ರಣ ಪತ್ರಿಕೆ. ಯಾರ ಹೆಸರು ಯಾರ ಹೆಸರಿನ ಮೇಲೆ ಬರಬೇಕು, 'ಘನ ಉಪಸ್ಥಿತಿ' ಯಾರದು, 'ಗೌರವ ಉಪಸ್ಥಿತಿ' ಯಾರದು ಎಂಬ ಚರ್ಚೆಯಲ್ಲಿ ನಾನು ಕಳೆದ ಸಮಯದಲ್ಲಿ ಒಂದು ಮರಿಕುದುರೆ ಹುಟ್ಟಿ, ಎದ್ದು ನಿಂತು, ಹಾಲು ಕುಡಿದು ಮುಗಿಸುತ್ತಿತ್ತು.

ಆ ಎರಡು ವರ್ಷ ನನ್ನ ಕಾರಿನ ಡಿಕ್ಕಿಯಲ್ಲಿ ನಳಿಕೆಗಳು, ಬಕೆಟ್ಟು, ಲಿಕ್ವಿಡ್ ಪ್ಯಾರಾಫಿನ್ನಿನ ಐದು ಲೀಟರಿನ ಕ್ಯಾನು, ಗಂಬೂಟು, ಇವುಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಇಳಕಲ್ ಸೀರೆ ಸದಾ ಇರುತ್ತಿತ್ತು. ಕ್ಯಾನಿನ ಮುಚ್ಚಳ ಒಮ್ಮೆ ಸಡಿಲವಾಗಿ ಸೀರೆಯ ಟೋಪಿ ತೆನಿ ಸೆರಗು ಎಣ್ಣೆಯಲ್ಲಿ ಮಿಂದ ದಿನ, ಸೆರಗನ್ನು ಒಳಕ್ಕೆ ಮಡಚಿ ಹಿಡಿದುಕೊಂಡೇ ವೇದಿಕೆ ಹತ್ತಿ ಸ್ವಾಗತ ಭಾಷಣ ಮಾಡಿದ್ದೇನೆ.

ನವೆಂಬರ್ ತಿಂಗಳ ಒಂದು ಭಾನುವಾರ. ಹುಬ್ಬಳ್ಳಿಯಲ್ಲಿ ಕಾರ್ಯಕಾರಿ ಸಮಿತಿಯ ಸಭೆ. ಹಿರಿಯ ಸದಸ್ಯರ ಸನ್ಮಾನಕ್ಕೆ ಹಾವೇರಿಯ ಏಲಕ್ಕಿ ಹಾರ ತರಿಸಬೇಕೋ, ಶಾಲು ಮತ್ತು ಸ್ಮರಣಿಕೆ ಸಾಕೋ ಎಂಬ ವಿಷಯ ನಡೆದಿತ್ತು. ಅಧ್ಯಕ್ಷರ ಮೊಬೈಲೇ ಪದೇ ಪದೇ ಬಡಿದುಕೊಂಡರೆ ಸಭೆಗೆ ಶೋಭೆಯಲ್ಲ ಎಂದು ಹಿಂದಿನ ಸಭೆಯಲ್ಲಿ ಒಬ್ಬರು ಆಕ್ಷೇಪಿಸಿದ್ದರಿಂದ ನಾನು ಅದನ್ನು ಸೈಲೆಂಟ್ ಮಾಡಿ ಚೀಲದಲ್ಲಿ ಇಟ್ಟಿದ್ದೆ. ಎರಡು ತಾಸಿನ ನಂತರ ಚಹಾಕ್ಕೆ ಎದ್ದಾಗ ನೋಡಿದೆ: ಏಳು ಕರೆಗಳು, ಒಂದು ಧ್ವನಿ ಸಂದೇಶ. ಲಕ್ಷ್ಮೇಶ್ವರದ ಕಡೆ ಬೀಡುಬಿಟ್ಟಿದ್ದ ಕುರಿಗಾರರೊಬ್ಬರ ಮಗನ ದನಿ. 'ಅಕ್ಕಾರ, ಮುಂಜಾನಿಂದ ಕುದರಿ ಹೊಟ್ಟಿನೋವಿಲೆ ಭಾಳ ಹೊಳ್ಯಾಡಾಕತ್ತಿತ್ತು. ರಸ್ತಾದ ಮ್ಯಾಗ ಒಣಗಾಕ ಹಾಕಿದ್ದ ಗೋವಿನಜೋಳ ತಿಂದೈತಿ. ಈಗ ಆರಾಮ ಆಗೇತ್ರಿ. ಹೊಳ್ಯಾಡೂದು ಬಿಟ್ಟು ಸುಮ್ನ ನಿಂತೈತಿ. ನೀವೇನ್ ಬರೂದು ಬ್ಯಾಡ.'

ಈ ಸಂದೇಶವನ್ನು ಕೇಳಿ ಪಕ್ಕದಲ್ಲಿದ್ದವರು 'ಪಾಡಾತು ಬಿಡ್ರಿ' ಎಂದರು. ನನ್ನ ಕೈ ತಣ್ಣಗಾಯಿತು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ; ಅನ್ನನಾಳವು ಜಠರವನ್ನು ಸೇರುವ ಜಾಗದಲ್ಲಿ ಅದರ ಸ್ನಾಯು ಅಷ್ಟು ಬಿಗಿಯಾಗಿರುವುದರಿಂದ ಒಮ್ಮೆ ಒಳಗೆ ಹೋದದ್ದು ಹಿಂದಕ್ಕೆ ಬರಲಾರದು. ಹೊಟ್ಟೆ ತುಂಬ ತಿಂದ ಕಾಳು ನೀರು ಹೀರಿ ಉಬ್ಬಿ, ಹುದುಗಿ, ಗಾಳಿ ತುಂಬತೊಡಗಿದಾಗ ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿ ಆ ಒತ್ತಡವನ್ನು ಹೊರಗೆ ಬಿಡಬೇಕು. ಬಿಡದಿದ್ದರೆ ಜಠರ ಒಡೆಯುತ್ತದೆ. ಒಡೆದ ಕ್ಷಣದಲ್ಲಿ ಒತ್ತಡ ಹೋಗುವುದರಿಂದ ನೋವು ತಟ್ಟನೆ ಇಳಿದು, ಪ್ರಾಣಿ ಹೊರಳಾಡುವುದನ್ನು ನಿಲ್ಲಿಸಿ ಸುಮ್ಮನೆ ನಿಲ್ಲುತ್ತದೆ. ನೋಡುವವರಿಗೆ ಗುಣವಾದಂತೆಯೇ ಕಾಣುತ್ತದೆ.

ಉಪಾಧ್ಯಕ್ಷರಿಗೆ ಕೈಸನ್ನೆ ಮಾಡಿ ಹೊರಟವಳು ಅಲ್ಲಿಗೆ ತಲುಪುವಾಗ ಒಂದೂಕಾಲು ತಾಸು ಕಳೆದಿತ್ತು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸು ಇರುತ್ತದೆ; ಇದರದು ನೂರನ್ನು ದಾಟಿ, ಬೆರಳಿಗೆ ಸಿಕ್ಕೂ ಸಿಗದಂತಿತ್ತು. ಒಸಡು ನೇರಳೆ ಬಣ್ಣಕ್ಕೆ ತಿರುಗಿತ್ತು, ಕಿವಿ ತಣ್ಣಗಿತ್ತು, ಮೈಯೆಲ್ಲ ತಂಪು ಬೆವರು. ಹೊಟ್ಟೆಯ ಕೆಳಗೆ ಸೂಜಿ ಹಾಕಿ ತೆಗೆದ ದ್ರವದಲ್ಲಿ ಮೇವಿನ ಚೂರುಗಳು ಬಂದವು. ಇನ್ನು ಮಾಡಬಹುದಾಗಿದ್ದದ್ದು ಒಂದೇ, ಅದನ್ನು ಮಾಡಿದೆ. 'ಆರಾಮ ಆಗಿತ್ತಲ್ರೀ ಅಕ್ಕಾರ' ಎಂದು ಆ ಹಿರಿಯರು ಎರಡು ಸಲ ಹೇಳಿದರು. ಅದು ಪ್ರಶ್ನೆಯಾಗಿತ್ತೋ ಆಕ್ಷೇಪಣೆಯಾಗಿತ್ತೋ ನನಗೆ ಇಂದಿಗೂ ತಿಳಿದಿಲ್ಲ. ಕುದುರೆಯ ಬೆನ್ನಿನ ಮೇಲಿಂದ ಇಳಿಸಿದ್ದ ಚೀಲದಲ್ಲಿ ಎರಡು ದಿನದ ಮರಿಯೊಂದು ಅರಚುತ್ತಿತ್ತು. ಹೊರಡುವಾಗ ಅವರು ಪೆಟ್ರೋಲಿಗೆಂದು ಇನ್ನೂರು ರೂಪಾಯಿ ಕೊಡಲು ಬಂದರು.

ಆ ಏಳು ಕರೆಗಳಲ್ಲಿ ಎರಡು ನಮ್ಮ ಸಂಘದ ಸದಸ್ಯರೊಬ್ಬರವು ಎಂಬುದು ನನಗೆ ಗೊತ್ತಾದದ್ದು ಮಾರನೆಯ ದಿನ. ಕುರಿಗಾರರು ಮೊದಲು ಅವರನ್ನೇ ಕರೆದಿದ್ದರು; ಅವರು ಬಂದು ನೋವಿನ ಇಂಜೆಕ್ಷನ್ ಕೊಟ್ಟು, ನಳಿಕೆ ಇಳಿಸುವ ಧೈರ್ಯವಿಲ್ಲದೆ ನನಗೆ ಫೋನ್ ಹಚ್ಚಿದ್ದರು. ಹನ್ನೆರಡು ವರ್ಷದ ಅನುಭವವಿರುವ, ಆಕಳಿನ ಗರ್ಭಕೋಶ ತಿರುಚಿದರೆ ಕಣ್ಣು ಮುಚ್ಚಿ ಸರಿಪಡಿಸುವ ವೈದ್ಯರು ಅವರು. ಕಾಲೇಜು ಬಿಟ್ಟ ಮೇಲೆ ಕುದುರೆಯ ಮೂಗಿಗೆ ನಳಿಕೆ ಹಾಕುವ ಪ್ರಸಂಗ ಅವರಿಗೆ ಒಮ್ಮೆಯೂ ಬಂದಿರಲಿಲ್ಲ, ಏಕೆಂದರೆ ಕುದುರೆಯೆಂದರೆ ಎಲ್ಲರೂ ನನ್ನ ನಂಬರು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು, ನಾನೂ ಅದನ್ನೇ ಬಯಸಿದ್ದೆ.

ರಾಜೀನಾಮೆ ಬರೆದೆ. ಸಂಘದ ಮಾಜಿ ಅಧ್ಯಕ್ಷರಲ್ಲಿ ಹಿರಿಯರೊಬ್ಬರು, ನನ್ನನ್ನು ಮಗಳಂತೆ ಕಾಣುವವರು, ಧಾರವಾಡದ ತಮ್ಮ ಮನೆಯ ಪಡಸಾಲೆಯಲ್ಲಿ ಅದನ್ನು ಓದಿ ಮಡಚಿ ನನ್ನ ಕೈಗೇ ಕೊಟ್ಟರು. 'ಇದನ್ನ ಕೊಟ್ರ ಮುಂದಿನ ಕುದರಿ ಉಳೀತೈತೇನವಾ? ನೀ ಊರಾಗ ಇಲ್ದಿದ್ದ ದಿನಾನೂ ಕುದರೀಗೆ ಹೊಟ್ಟಿ ನೋಯ್ತೈತಿ.' ನಾನು ಸಿಟ್ಟಿನಿಂದಲೇ ಮನೆಗೆ ಬಂದೆ. ಅಧ್ಯಕ್ಷಗಿರಿಯಿಂದ ಕುದುರೆ ಸತ್ತಿತು ಎಂದು ನಂಬಿಕೊಳ್ಳುವುದು ನನಗೆ ಹೆಚ್ಚು ಅನುಕೂಲವಾಗಿತ್ತು. ನಾನು ಬೆಂಗಳೂರಿಗೆ ಹೋದಾಗ, ಜ್ವರದಿಂದ ಮಲಗಿದಾಗ, ಮಗಳ ಪರೀಕ್ಷೆಯ ದಿನ, ಇಷ್ಟು ವರ್ಷ ಅದೃಷ್ಟ ಕೈಹಿಡಿದಿತ್ತಷ್ಟೇ.

ಮುಂದಿನ ಸಭೆಯಲ್ಲಿ ಸನ್ಮಾನದ ಹಾರ, ಶಾಲು, ಸ್ಮರಣಿಕೆಗಳ ಖರ್ಚನ್ನು ಅರ್ಧಕ್ಕೆ ಇಳಿಸಿ ಆ ಹಣದಲ್ಲಿ ದನದ ವೈದ್ಯರಿಗೆ ಎರಡು ದಿನದ ಕುದುರೆ ತರಬೇತಿ ನಡೆಸಬೇಕೆಂದು ಪ್ರಸ್ತಾಪಿಸಿದೆ. ನಮ್ಮಲ್ಲಿ ಶಾಲು ಕಡಿಮೆ ಮಾಡುವುದು ಸಣ್ಣ ಮಾತಲ್ಲ. ಎರಡು ಸಭೆ, ಒಂದು ಮುನಿಸು, ಒಂದು ಸಭಾತ್ಯಾಗ ಆದ ಮೇಲೆ ಒಪ್ಪಿಗೆ ಸಿಕ್ಕಿತು. ಅದೇ ಬಿಸಿಯಲ್ಲಿ ಇನ್ನೆರಡು ನಿರ್ಣಯಗಳನ್ನೂ ಮಾಡಿಸಿಕೊಂಡೆ: ಅಧ್ಯಕ್ಷರ ಮೊಬೈಲು ಸಭೆಯ ಮೇಜಿನ ಮೇಲೆ ಬಾಯಿ ತೆರೆದೇ ಇರುತ್ತದೆ, ಕುದುರೆಯ ಕರೆ ಬಂದರೆ ಉಪಾಧ್ಯಕ್ಷರು ಸಭೆ ಮುಂದುವರಿಸುತ್ತಾರೆ; ಮತ್ತು ಆಮಂತ್ರಣ ಪತ್ರಿಕೆಯ ಕೆಲಸಕ್ಕೆ, ಅದರಲ್ಲಿ ನಿಜವಾಗಿ ಸುಖ ಕಾಣುವ ಮೂವರ ಪ್ರತ್ಯೇಕ ಸಮಿತಿ ಇರುತ್ತದೆ. ಎರಡನೆಯ ನಿರ್ಣಯದಿಂದ ನನಗೆ ಉಳಿದ ಸಮಯವನ್ನು ಲೆಕ್ಕ ಹಾಕಿದರೆ ಅದನ್ನೇ ನನ್ನ ಅವಧಿಯ ಸಾಧನೆ ಎನ್ನಬೇಕು.

2023ರ ಮಾರ್ಚ್‌ನಲ್ಲಿ ಗದಗ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿ ಹನ್ನೊಂದು ಜನ ಸೇರಿದರು. ಲಕ್ಷ್ಮೇಶ್ವರದ ಕಡೆಯ ಆ ಸದಸ್ಯರು ಎಲ್ಲರಿಗಿಂತ ಮೊದಲು ಬಂದಿದ್ದರು, 1962 ಸಹಾಯವಾಣಿಗೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾ ವಾಹನಗಳಲ್ಲಿ ಕೆಲಸ ಮಾಡುವ ಇಬ್ಬರು ಕಿರಿಯರೂ ಇದ್ದರು. ಗೊರಸು ಕೆತ್ತಿ ಧನುರ್ವಾತದ ಲಸಿಕೆ ಹಾಕಿಕೊಡುವ ಕರಾರಿನ ಮೇಲೆ ಟಾಂಗಾದವರು, ಮದುವೆ ಕುದುರೆಯವರು ನಾಲ್ಕು ಕುದುರೆ ಕೊಟ್ಟಿದ್ದರು. ದನದ ಅಭ್ಯಾಸವನ್ನು ಕೈಯಿಂದ ಬಿಡಿಸುವುದೇ ಮೊದಲ ಕೆಲಸವಾಯಿತು. ಆಕಳು ಪಕ್ಕಕ್ಕೆ ಬೀಸಿ ಒದೆಯುತ್ತದೆ, ಕುದುರೆ ನೇರವಾಗಿ ಹಿಂದಕ್ಕೆ ಒದೆಯುತ್ತದೆ. ಆದ್ದರಿಂದ ಆಕಳಿಗೆ ನಿಲ್ಲುವ ಜಾಗದಲ್ಲಿ ಕುದುರೆಗೆ ನಿಲ್ಲುವಂತಿಲ್ಲ. ಮಂಪರು ಬರಿಸುವ ಜೈಲಜೀನ್ ಔಷಧ ಆಕಳಿಗೆ ಎಷ್ಟು ಸಾಕೋ ಅದರ ಹತ್ತು ಪಟ್ಟು ಕುದುರೆಗೆ ಬೇಕಾಗುತ್ತದೆ ಎಂದಾಗ ಒಬ್ಬರು ಪುಸ್ತಕ ತೆಗೆಸಿ ನೋಡಿಯೇ ನಂಬಿದರು. ನಳಿಕೆಯನ್ನು ಮೂಗಿನ ಹೊಳ್ಳೆಯ ಕೆಳಬದಿಗೆ ಒತ್ತಿ ಹಿಡಿದೇ ಮುಂದಕ್ಕೆ ನೂಕಬೇಕು, ಮೇಲಕ್ಕೆ ಹೋದರೆ ರಕ್ತ ಸುರಿಯುತ್ತದೆ. ಕುದುರೆ ನುಂಗುವವರೆಗೆ ಕಾಯಬೇಕು. ಕುತ್ತಿಗೆಯ ಎಡಗಡೆ ನಳಿಕೆ ಇಳಿಯುವುದನ್ನು ಕಣ್ಣಿಂದ ನೋಡದೆ, ಬೆರಳಿನಿಂದ ಮುಟ್ಟದೆ ಒಂದು ಹನಿ ನೀರನ್ನೂ ಬಿಡಬಾರದು, ಏಕೆಂದರೆ ಅದು ಶ್ವಾಸನಾಳದಲ್ಲಿದ್ದರೆ ನಾವೇ ಕೊಂದಂತೆ. ಎರಡನೆಯ ದಿನ ಸಂಜೆಯ ಹೊತ್ತಿಗೆ ಎಂಟು ಜನ ನನ್ನ ಸಹಾಯವಿಲ್ಲದೆ ನಳಿಕೆ ಇಳಿಸಿದ್ದರು. ಆದರೆ ಆ ಎರಡು ದಿನದ ಅತ್ಯುತ್ತಮ ಪಾಠ ನನ್ನದಲ್ಲ. ಎಪ್ಪತ್ತರ ಹತ್ತಿರದ ಒಬ್ಬ ಲಾಳ ಹೊಡೆಯುವವರದು, ನಮ್ಮ ಕಡೆಯ ಮಾತಿನಲ್ಲಿ ನಾಲಬಂದರದು. ಅವರು ನೆಲದ ಮೇಲೆ ಕುಳಿತು ಗೊರಸಿನ ಬಿಳಿಗೆರೆಯನ್ನು ತೋರಿಸುತ್ತ, ಮೊಳೆ ಅದರ ಹೊರಗೆ ಹೋದರೆ ಲಾಳ, ಒಳಗೆ ಹೋದರೆ ಕುಂಟು ಎಂದು ವಿವರಿಸುವಾಗ ಹನ್ನೊಂದು ಪದವೀಧರರೂ ಅವರ ಸುತ್ತ ಕುಕ್ಕರಗಾಲಿನಲ್ಲಿ ಕುಳಿತಿದ್ದರು.

ಕುದುರೆ ಸಾಕುವವರಿಗೂ ಒಂದು ಪುಟದ ಚೀಟಿ ಮಾಡಿ ಮೊಬೈಲಿಗೆ ಕಳಿಸಿದೆವು. ಹೊಟ್ಟೆನೋವು ಬಂದರೆ ಮೇವು ತೆಗೆಯಿರಿ. ದವಡೆಯ ಕೆಳಗೆ ನಾಡಿ ಎಣಿಸಿ ಹೇಳಿ. ಲದ್ದಿ ಹಾಕಿದ್ದು ಯಾವಾಗ ನೋಡಿ. ಎಣ್ಣೆಯನ್ನು ಗೊಟ್ಟದಲ್ಲಿ ಹಾಕಬೇಡಿ, ಅದು ಪುಪ್ಪುಸಕ್ಕೆ ಇಳಿಯುತ್ತದೆ. ಹೊರಳಾಡುತ್ತಿದ್ದ ಕುದುರೆ ತಾನಾಗಿ ಸುಮ್ಮನಾದರೂ ವೈದ್ಯರನ್ನು ಬರಬೇಡಿ ಎನ್ನಬೇಡಿ. ಕೊನೆಯ ಸಾಲನ್ನು ನಾನು ದಪ್ಪ ಅಕ್ಷರದಲ್ಲಿ ಹಾಕಿಸಿದೆ.

ಎರಡು ಜವಾಬ್ದಾರಿಗಳು ಸಮಯಕ್ಕಾಗಿ ಜಗಳಾಡುವುದನ್ನು ಹೀಗೆ ಹೇಗೋ ಸಂಭಾಳಿಸಬಹುದು. ಅವು ಒಂದೇ ಕುದುರೆಯ ಮುಂದೆ ನಿಂತು ಜಗಳಾಡಿದ್ದು ಅದೇ ವರ್ಷದ ಮೇ ತಿಂಗಳಲ್ಲಿ. ತರಬೇತಿಗೆ ಕುದುರೆ ಕೊಟ್ಟಿದ್ದ ಹಳೇ ಹುಬ್ಬಳ್ಳಿಯ ಒಬ್ಬರು, ಹದಿನಾಲ್ಕು ವರ್ಷದಿಂದ ನನ್ನ ಬಳಿಗೇ ಬರುವವರು, ತಮ್ಮ ಮದುವೆ ಕುದುರೆಗೆ ನೆಗಡಿಯೆಂದು ಕರೆದರು. ಒಂದು ಹೊಳ್ಳೆಯಿಂದ ದಪ್ಪನೆಯ ಹಳದಿ ಸಿಂಬಳ, ದವಡೆಯ ಕೆಳಗೆ ಗಂಟು, ಜ್ವರ. ಬಹುತೇಕ ಸ್ಟ್ರ್ಯಾಂಗಲ್ಸ್ ಎಂಬ ಗಂಟಲುಬಾವಿನ ರೋಗವೆಂದೇ ನನ್ನ ಅಂದಾಜು. ಆದರೆ ಗ್ಲ್ಯಾಂಡರ್ಸ್ ಅಲ್ಲವೆಂದು ಬರಿಗಣ್ಣಿನಿಂದ ಹೇಳಲು ಬರುವುದಿಲ್ಲ. ಅದು ಮನುಷ್ಯರಿಗೂ ತಗಲುವ, ಪ್ರಾಣಕ್ಕೆ ಎರವಾಗುವ ರೋಗ. ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸಬೇಕು. ಸಂಶಯ ಬಂದರೇ ವರದಿ ಮಾಡಬೇಕೆಂಬುದು ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗಾಗಿ ಇರುವ 2009ರ ಕಾಯ್ದೆ. ಎರಡು ತಿಂಗಳ ಹಿಂದೆ ಎಲ್ಲ ಸದಸ್ಯರಿಗೂ ಇದೇ ವಿಷಯದ ಸುತ್ತೋಲೆ ಹೋಗಿತ್ತು, ಕೆಳಗೆ ನನ್ನ ಸಹಿ.

'ಅಕ್ಕಾರ, ಇನ್ನ ಹನ್ನೊಂದು ಮದವಿ ಅದಾವ್ರೀ. ಮುಂಗಡ ತಗೊಂಡೇನಿ. ನೀವ ಹೇಳಿದ್ರ ನೆಗಡಿ, ನೀವ ಹೇಳಿದ್ರ ರೋಗ' ಎಂದರು ಅವರು. ಸಂಘದ ಹುದ್ದೆ ಇಲ್ಲದಿದ್ದರೆ ನಾನು ಎರಡು ದಿನ ಕಾದು ನೋಡುತ್ತಿದ್ದೆನೇ? ಈ ಪ್ರಶ್ನೆಯನ್ನು ಬಹಳ ಸಲ ಕೇಳಿಕೊಂಡಿದ್ದೇನೆ, ಪ್ರತಿ ಸಲವೂ ಒಂದೇ ಉತ್ತರ ಬಂದಿಲ್ಲ. ಅಂದೇ ಸಂಜೆ ಇಲಾಖೆಗೆ ತಿಳಿಸಿದೆ. ರಕ್ತದ ಮಾದರಿ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಕುದುರೆಯನ್ನು ಬೇರೆ ಕಟ್ಟಿಸಿ, ಮನೆಯ ಮಕ್ಕಳನ್ನು ದೂರ ಇರಿಸಿ, ಕೈಗವಸು, ಮಾಸ್ಕು ಹಾಕಿಕೊಂಡು ದಿನಕ್ಕೊಮ್ಮೆ ನಾನೇ ನೋಡಿಕೊಂಡೆ. ಟಾಂಗಾ ನಿಲ್ದಾಣದಲ್ಲಿ ಮಾತು ಹಬ್ಬಿತು. ಅಕ್ಕಾರಿಗೆ ಕುರ್ಚಿ ಬಂದ ಮೇಲೆ ಕುದುರೆ ಕಾಣುವುದಿಲ್ಲ, ಕಾಗದ ಕಾಣುತ್ತದೆ ಎಂದರಂತೆ. ಇಬ್ಬರು ನನ್ನನ್ನು ಕರೆಯುವುದನ್ನೇ ಬಿಟ್ಟರು. ಹನ್ನೆರಡನೆಯ ದಿನ ವರದಿ ಬಂತು, ಗ್ಲ್ಯಾಂಡರ್ಸ್ ಇರಲಿಲ್ಲ. ಅಷ್ಟರಲ್ಲಿ ದವಡೆಯ ಗಂಟು ಮಾಗಿ ಒಡೆದು ಕೀವು ಸುರಿದು ಕುದುರೆ ಮೇವು ತಿನ್ನತೊಡಗಿತ್ತು. ಆದರೆ ಬೇರೆ ಕುದುರೆಗಳಿಗೆ ಸ್ಟ್ರ್ಯಾಂಗಲ್ಸ್ ಹರಡಬಾರದೆಂದು ಅದನ್ನು ಇನ್ನೂ ಕೆಲವು ವಾರ ಹೊರಗೆ ಬಿಡುವಂತಿರಲಿಲ್ಲ. ಹನ್ನೊಂದು ಮದುವೆಗಳೂ ಹೋದವು. ರೋಗ ಖಚಿತವಾಗಿ ಕೊಂದ ಕುದುರೆಗೆ ಪರಿಹಾರವಿದೆ, ಕಾಯಿಸಿಟ್ಟ ಕುದುರೆಗೆ ಇಲ್ಲ. ಸಂಘದ ನಿಧಿಯಿಂದ ಕೊಡಲು ನಮ್ಮ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ. ನಾವು ಕೆಲವರು ಕೈಯಿಂದ ಕೂಡಿಸಿ ಮುಂಗಡ ಹಿಂದಿರುಗಿಸಲು ಕೊಡಹೋದಾಗ ಅವರು ಮುಟ್ಟಲಿಲ್ಲ. ಎಂಟು ತಿಂಗಳ ನಂತರ ಧನುರ್ವಾತದ ಲಸಿಕೆಗೆ ಕರೆ ಬಂತು. ಹೋದೆ. ಚಹಾ ಕೊಟ್ಟರು. ಆ ವಿಷಯ ಇಬ್ಬರೂ ಎತ್ತಲಿಲ್ಲ.

ಮನೆಯ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುವ ಯಜಮಾನರು ಆ ಎರಡು ವರ್ಷ ರೊಟ್ಟಿ ಬಡಿಯುವುದನ್ನು ಕಲಿತರು, ಸಾಕಷ್ಟು ದಪ್ಪಗೆ. ನಮ್ಮ ಅತ್ತೆಯವರು ಮಾತ್ರ ನೆಂಟರು ಬಂದಾಗಲೆಲ್ಲ, 'ನಮ್ಮ ಸೊಸಿ ರಾತ್ರಿ ಕುದರಿ ಕಾಯ್ತಾಳ, ಹಗಲಿ ಡಾಕ್ಟರ್‍ಗಳ್ನ ಕಾಯ್ತಾಳ' ಎಂದು ಪರಿಚಯಿಸುತ್ತಿದ್ದರು.

2024ರ ಜೂನ್‌ನಲ್ಲಿ ಅಧಿಕಾರ ಹಸ್ತಾಂತರಿಸಿದೆ. ನನಗೂ ಒಂದು ಶಾಲು ಹೊದಿಸಿದರು. ತರಬೇತಿ ಅದೇ ವರ್ಷ ಎರಡನೆಯ ಸಲ ನಡೆಯಿತು, ಹೇಳಿಕೊಡುವವರಲ್ಲಿ ಲಕ್ಷ್ಮೇಶ್ವರದ ಕಡೆಯ ಸದಸ್ಯರೂ ಒಬ್ಬರು.

ಆಗಸ್ಟ್‌ನ ಒಂದು ರಾತ್ರಿ, ಒಂದೂವರೆಗೆ, ಮುಂಡರಗಿ ಕಡೆಯಿಂದ ಫೋನು. 1962 ವಾಹನದ ಆ ಇಬ್ಬರಲ್ಲಿ ಕಿರಿಯಳಾದ ಹುಡುಗಿ. ಪಕ್ಕದೂರಿನ ಭಟ್ಟಿಯವರು ಅವಳ ಮನೆಯ ಬಾಗಿಲನ್ನೇ ಬಡಿದಿದ್ದರಂತೆ, ಕತ್ತೆಗೆ ಹೊಟ್ಟೆನೋವು. ಕತ್ತೆ ಕುದುರೆಯ ಹಾಗೆ ಹೊರಳಾಡಿ ನೋವು ತೋರಿಸುವುದಿಲ್ಲ, ತಲೆ ತಗ್ಗಿಸಿ ಮೇವು ಬಿಟ್ಟು ನಿಂತುಬಿಡುತ್ತದೆ, ಅದಕ್ಕೇ ಹಲವರು ತಡ ಮಾಡುತ್ತಾರೆ. ಅವಳು ತಡ ಮಾಡಿರಲಿಲ್ಲ. ನಾಡಿ 56, ಒಸಡು ತೇವವಾಗಿದೆ, ನಳಿಕೆ ಇಳಿಸಿ ನೋಡಿದ್ದೇನೆ, ಹಿಂದಕ್ಕೆ ಏನೂ ಬರಲಿಲ್ಲ, ಪ್ಯಾರಾಫಿನ್ ಕೊಟ್ಟಿದ್ದೇನೆ, ಮುಂದಿನ ಸಲ ನಾಡಿ ನೋಡಲು ಎಷ್ಟು ಹೊತ್ತು ಬಿಡಲಿ ಎಂದಷ್ಟೇ ಕೇಳಿದಳು. ಅರ್ಧ ತಾಸಿಗೊಮ್ಮೆ ನೋಡು ಎಂದೆ. ನಾನು ಬರಲೇ ಎಂದೆ. 'ಸದ್ಯ ಬ್ಯಾಡ್ರಿ ಮೇಡಂ' ಎಂದಳು.

ಕಾರಿನ ಕೀಲಿ ದಿಂಬಿನ ಪಕ್ಕದಲ್ಲೇ ಇತ್ತು. ನಿದ್ದೆ ಬರಲಿಲ್ಲ. ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ ಅವಳು ಒಂದು ಫೋಟೋ ಕಳಿಸಿದಳು: ಟಾರ್ಚಿನ ಬೆಳಕಿನಲ್ಲಿ, ಇಟ್ಟಿಗೆಯ ಪುಡಿಯ ಮೇಲೆ, ಹಸಿ ಲದ್ದಿಯ ಒಂದು ಗುಪ್ಪೆ. ಇಷ್ಟು ಹೊತ್ತಿನಲ್ಲಿ ಏನು ನೋಡಿ ನಗುತ್ತಿದ್ದೀ ಎಂದು ಯಜಮಾನರು ಕೇಳಿದರು. ತೋರಿಸಿದೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು ನೋಡಿ, ಏನೂ ಹೇಳದೆ ಚಾದರ ಎಳೆದುಕೊಂಡು ಮಲಗಿದರು.